ನದೀಮುಖಜಭೂಮಿಯಲ್ಲಿ ಸಿಹಿನೀರು: ತೀರದ ಬಾವಿಗಳ ಉಪಯೋಗ

ಬೇಸಗೆಯಲ್ಲಿ ಹೊಳೆ ಬತ್ತಿದಾಗ ಮರಳಿನಲ್ಲಿ ಒರತೆ ತೋಡಿ ನೀರು ತುಂಬುವ ಪದ್ಧತಿಯನ್ನು ಬಯಲುಸೀಮೆಯ ಗ್ರಾಮಸ್ಥರೆಲ್ಲರೂ ಬಲ್ಲರು. ಒರತೆಯ ನೀರು ತಿಳಿಯಾಗಿರುವುದಕ್ಕೆ ಮರಳೇ ಕಾರಣವು. ಈ ಗುಣವನ್ನೇ ದೊಡ್ಡ ಪ್ರಮಾಣದಲ್ಲಿ ಉಪಯೋಗಿಸಿ, ದಡದಲ್ಲಿ ಬಾವಿ ತೆಗೆದು, ನದಿಯ ನೀರನ್ನು ಭೂಮಿಯ ಮೂಲಕ ಸೋಸಿ ಎತ್ತುವುದಕ್ಕೆ ತೀರಶೋಧನವೆನ್ನುವರು.

ನದಿಯು ಕವಲೊಡೆದು ಸಮುದ್ರವನ್ನು ಸೇರುವ ಮುಖಜಭೂಮಿಯಲ್ಲಿ ನೀರಿಗೇನು ಕೊರತೆಯೆಂದು ತೋರಬಹುದು. ಆದರೆ ಅಲ್ಲಿ ನೆಲದೊಳಗಿನ ಸಿಹಿನೀರು ಹಗುರವಾದುದರಿಂದ ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುವುದು. ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ನಿಂತ ಸಿಹಿನೀರು, ಆ ಮಟ್ಟದ ಕೆಳಗೆ ಸುಮಾರು 40 ಅಡಿಗಳವರೆಗೆ ಉಪ್ಪುನೀರನ್ನು ತಡೆದಿರುವುದು. ಹಾಲೆಂಡಿನ ಬಾಡೊನ್ ಖೈಬೆನ್ ಎಂಬವರು 19ನೆಯ ಶತಮಾನದ ಕೊನೆಗೂ, ಜರ್ಮನಿಯ ಹೆರ್ಜ್‌ಬರ್ಗ್ ಎಂಬವರು 1901ರಲ್ಲಿಯೂ ಈ ಲೆಕ್ಕವನ್ನು ಬೇರೆಬೇರೆಯಾಗಿ ಪ್ರಕಟಿಸಿದರು. ಇದನ್ನು ತಿರುಗಿಸಿ ನೋಡಿದರೆ ಅಪಾಯವು ತಿಳಿಯುವುದು: ಸಿಹಿನೀರಿನ ಮಟ್ಟವನ್ನು 1 ಅಡಿ ಇಳಿಸಿದರೆ, ಕಾಲಕ್ರಮದಲ್ಲಿ ಉಪ್ಪುನೀರು 40 ಅಡಿಗಳಷ್ಟು ಮೇಲೇರಬಹುದು. ಬಾವಿ ಆಳವಾದಷ್ಟೂ ಒಳ್ಳೆಯದೆಂಬ ಒಳನಾಡಿನ ನಂಬಿಕೆಯು ಇಲ್ಲಿ ಬಾವಿಯನ್ನಲ್ಲದೆ, ಆ ನೀರು ಹಾಯಿಸಿದ ಗದ್ದೆಯನ್ನೂ ಕೆಡಿಸುವುದು.

ದಡದ ಬಾವಿಗೆ ಈ ಭಯವು ಕಡಿಮೆ. ಎತ್ತಿದಷ್ಟು ನೀರನ್ನು ನದಿಯು ತುಂಬಿಕೊಡುವುದರಿಂದ ಮಟ್ಟವು ಹೆಚ್ಚಾಗಿ ಇಳಿಯದು. ರೈನ್ ನದಿಯ ಮುಖಜಭೂಮಿಯಾದ ಹಾಲೆಂಡಿನಲ್ಲಿ 1879ರಿಂದಲೂ ಈ ಕ್ರಮವು ನಡೆದುಬಂದಿದೆ. ನದೀಪಾತ್ರದ ಮೇಲ್ಪದರದಲ್ಲಿರುವ ಸೂಕ್ಷ್ಮಜೀವಿಗಳು ಕೊಳೆಯ ಬಹುಭಾಗವನ್ನು ಅಲ್ಲಿಯೇ ಜೀರ್ಣಿಸಿಬಿಡುವುವು. ಉಳಿದ ರೋಗಾಣುಗಳು ಮರಳಿನಲ್ಲಿ ಸಾಗುವಾಗ ಸಾಯಬೇಕು; ಅದಕ್ಕಾಗಿ ನೀರು ನೆಲದೊಳಗೆ ಕನಿಷ್ಠ 60 ದಿನಗಳಾದರೂ ಇರಬೇಕೆಂದು ಅಲ್ಲಿಯವರು ಗೊತ್ತುಮಾಡಿರುವರು. ಈ ವಿಳಂಬವು ಇನ್ನೊಂದು ವಿಧದಲ್ಲಿಯೂ ಲಾಭಕರವು. 1986ರ ನವೆಂಬರಿನಲ್ಲಿ ಬಾಸೆಲ್ ನಗರದ ಬಳಿ ರಾಸಾಯನಿಕ ಉಗ್ರಾಣವೊಂದು ಉರಿದು ವಿಷವು ರೈನ್ ನದಿಗಿಳಿದಾಗ, ನದಿಯಿಂದ ನೇರವಾಗಿ ನೀರೆತ್ತುವ ಸ್ಥಾವರಗಳು ಕೂಡಲೆ ಬಾಗಿಲಿಕ್ಕಬೇಕಾಯಿತು. ತೀರದ ಬಾವಿಯವರಿಗಾದರೋ ಯೋಚಿಸಲು ದಿನಗಳ ಅವಕಾಶವಿರುವುದು.

ಆದರೂ ಮರಳು ಕೊಳೆಯನ್ನು ಸೋಸುವುದೇ ಹೊರತು ಉಪ್ಪನ್ನು ಸೋಸಲಾರದು. ಭರತದ ಉಪ್ಪುನೀರು ಬೇಸಗೆಯಲ್ಲಿ ಎಲ್ಲಿಯವರೆಗೆ ಏರುವುದೋ, ಅದಕ್ಕೂ ಮೇಲ್ಗಡೆಯೇ ಬಾವಿಗೆ ಸ್ಥಳವನ್ನಾರಿಸತಕ್ಕದ್ದು. ಕನ್ನಡ ಕರಾವಳಿಯ ಅಳಿವೆಗಳಿಗೂ ಇದೇ ನಿಯಮವು. ಪಾತ್ರಕ್ಕೂ ಬಾವಿಗೂ ನಡುವೆ ಜೇಡಿಯ ಪದರವಿದ್ದರೆ ನದಿಯ ನೀರು ಬರಲಾರದು. ಕೊಳೆತ ಎಲೆಕಸ ಬೆರೆತ ಹೊಸ ಮೆಕ್ಕಲು ಇನ್ನೂ ಕೆಟ್ಟದ್ದು: ಅಲ್ಲಿ ನೀರಿನ ಆಮ್ಲಜನಕವು ತೀರಿಹೋಗಿ ಮಣ್ಣಿನ ಕಬ್ಬಿಣವೂ, ಕೆಲವೆಡೆ ಪಾಷಾಣವೂ ಕರಗಿಬರುವುದು. ಗಂಗೆಯ ಮುಖಜಭೂಮಿಯಾದ ವಂಗದೇಶದ ಕೊಳವೆಬಾವಿಗಳಲ್ಲಿ ಪಾಷಾಣವು ಬಂದುದು ಇಂತಹ ಮೆಕ್ಕಲಿನಿಂದಲೇ. ಅದು ಕಣ್ಣಿಗೂ ನಾಲಗೆಗೂ ತಿಳಿಯದಾದುದರಿಂದ ಪ್ರಯೋಗಶಾಲೆಯ ಪರೀಕ್ಷೆ ಅವಶ್ಯಕವು.

ಒಂದೇ ಬಾವಿಯಿಂದ ಬಲವಾಗಿ ಎಳೆಯುವುದಕ್ಕಿಂತ, ದಡದುದ್ದಕ್ಕೂ ಆಳವಿಲ್ಲದ ಹಲವು ಬಾವಿಗಳಿಂದ ಮೆಲ್ಲನೆ ಎತ್ತುವುದು ಮೇಲು. ಬಾವಿಗಳ ಮುಂದಣ ಪಾತ್ರದಿಂದ ಮರಳು ಸಾಗಿಸಲು ಯಾರಿಗೂ ಎಡೆಗೊಡಬಾರದು. ಸಾಗಿಹೋಗುವುದು ಊರಿನ ಶೋಧಕವೇ ಆಗಿರುವುದು.