ಸಾಕ್ಷ್ಯಚಿತ್ರದ ಟ್ರೇಲರ್ ಹೇಗೆ ಸಿದ್ಧವಾಗುತ್ತದೆ?

ಪ್ರಶ್ನೆ: ನಟರಿಲ್ಲದ ಸಾಕ್ಷ್ಯಚಿತ್ರಕ್ಕೆ ಟ್ರೇಲರ್ ಹೇಗೆ ಮಾಡುತ್ತಾರೆ?
– ಓದುಗರು, ದಂಡಿಗನಹಳ್ಳಿ

ಉತ್ತರ: ಚಿತ್ರವೊಂದು ಎತ್ತುವ ಮುಖ್ಯ ಪ್ರಶ್ನೆಯನ್ನು ಎರಡು ನಿಮಿಷದ ಆಸುಪಾಸಿನಲ್ಲಿ ನೋಡುಗರ ಮುಂದಿಟ್ಟು, ಉತ್ತರವನ್ನು ಚಿತ್ರಕ್ಕೇ ಬಿಡುವ ತುಣುಕೇ ಟ್ರೇಲರ್. ಸಂಕಲನಕಾರರು, ಅಂದರೆ ದೃಶ್ಯಗಳನ್ನು ಕತ್ತರಿಸಿ ಜೋಡಿಸುವವರು, ಸಂದರ್ಶನಗಳಿಂದ ಬಿಡಿಯಾಗಿಯೂ ಅರ್ಥ ಕೆಡದ ಮಾತುಗಳನ್ನು ಆರಿಸಿ, ಆ ಧ್ವನಿಯನ್ನೇ ಆಧಾರವಾಗಿಟ್ಟುಕೊಂಡು ದೃಶ್ಯಗಳನ್ನು ಹೊಂದಿಸುತ್ತಾರೆ. 2020ರಲ್ಲಿ ತೆರೆಕಂಡ ‘ವೈಲ್ಡ್ ಕರ್ನಾಟಕ’ದಂಥ ವನ್ಯಜೀವಿ ಚಿತ್ರಗಳಲ್ಲಿ ನಿರೂಪಕರ ಧ್ವನಿಯೇ ಆಧಾರವಾಗುತ್ತದೆ, ಆ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಕನ್ನಡದಲ್ಲಿ ರಿಷಬ್ ಶೆಟ್ಟಿ ನಿರೂಪಣೆ ನೀಡಿದ್ದಾರೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಕುರಿತ ಟ್ರೇಲರ್ ಮಾಡುವವರು ಗೊಮ್ಮಟನ ಪೂರ್ಣಮೂರ್ತಿಯನ್ನು ಕಾಯ್ದಿರಿಸಿ, ಕಲ್ಲಿನ ಭುಜದಿಂದ ಇಳಿಯುವ ಹಾಲನ್ನಷ್ಟೇ ತೋರಿಸಿದರೂ ಕುತೂಹಲ ಮೂಡುತ್ತದೆ. ಆದರೆ ನಡೆಯದುದನ್ನು ನಡೆದಂತೆ ಬಿಂಬಿಸುವ ಜೋಡಣೆ, ಎಷ್ಟೇ ಆಕರ್ಷಕವಾಗಿದ್ದರೂ, ಸಾಕ್ಷ್ಯಚಿತ್ರಕ್ಕೆ ಸಲ್ಲದು.