ಗೋಧಿಯ ಕಾಂಡತುಕ್ಕು: ಒಂದು ವಂಶಾವಳಿಯ ವಿಚಾರ

ಕ್ಷಾಮಗಳ ಕಾರಣವನ್ನು ಮಳೆ, ಕಂದಾಯ, ಯುದ್ಧಗಳಲ್ಲಿ ಅರಸುವುದು ಇತಿಹಾಸವನ್ನು ಬೋಧಿಸುವ ನಮ್ಮ ವಾಡಿಕೆ. ಆದರೆ ಸ್ಲೀಮನ್ನನು 1844ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ಕಾರಣವನ್ನು ಕಾಣಬಹುದು. ನರ್ಮದಾ ಕಣಿವೆಯಲ್ಲಿ ಇಪ್ಪತ್ತು ಮೈಲಿ ಉದ್ದ, ಹತ್ತು ಮೈಲಿ ಅಗಲಕ್ಕೆ ಹಬ್ಬಿದ್ದ ಗೋಧಿಯು ತುಕ್ಕು ರೋಗದಿಂದ ಹಾಳಾಗಿ, ಜನರು ನಾಲ್ಕರಲ್ಲಿ ಒಂದು ಹೊಲವನ್ನೂ ಕೊಯ್ಯುವ ಶ್ರಮ ವಹಿಸಲಿಲ್ಲವೆಂದು ಆತ ಬರೆದಿದ್ದಾನೆ. ಠಗ್ಗರ ದಮನಕ್ಕಾಗಿ ನಾವು ನೆನೆಯುವ ಅಧಿಕಾರಿಯ ಈ ಪುಟಗಳಿಗೆ ಓದುಗರು ಕಡಮೆ.

ಈ ರೋಗವನ್ನು ತರುವುದು ಒಂದು ಶಿಲೀಂಧ್ರ. ಜೀವಂತ ಸಸ್ಯವೇ ಅದಕ್ಕೆ ಆಹಾರ. ಅದರ ಇಟ್ಟಿಗೆ ಬಣ್ಣದ ಬೀಜಕಣಗಳು ಗಾಳಿಯಲ್ಲಿ ನೂರಾರು ಮೈಲಿ ಸಾಗಬಲ್ಲವು. ನೋಟಕ್ಕೆ ಒಂದೇ ಆದ ಈ ಜೀವಿಯಲ್ಲಿ ಹಲವು ಪ್ರಭೇದಗಳುಂಟೆಂದು ಅಮೆರಿಕದ ಸ್ಟೇಕ್ಮನ್ ಮತ್ತು ಅವರ ಸಹೋದ್ಯೋಗಿಗಳು 1917ರಿಂದೀಚೆಗೆ ತೋರಿಸಿಕೊಟ್ಟರು. ಸೂಕ್ಷ್ಮದರ್ಶಕಕ್ಕೆ ಸಿಲುಕದ ಈ ಭೇದವನ್ನು ತಿಳಿಸುವುದು ಗೋಧಿಯೇ. ಆಯ್ದ ಹನ್ನೆರಡು ಗೋಧಿಗಳ ಮೇಲೆ ಬೀಜಕಣಗಳನ್ನು ಹರಡಿ, ಯಾವುದು ರೋಗಕ್ಕೆ ತುತ್ತಾಯಿತು, ಯಾವುದು ತಡೆಯಿತು ಎಂಬುದರಿಂದ ಪ್ರಭೇದವನ್ನು ಗುರುತಿಸುತ್ತಿದ್ದರು. ಆ ಹನ್ನೆರಡರಲ್ಲಿ ಒಂದು ಖಪ್ಲಿ, ನಮ್ಮ ಉತ್ತರ ಕರ್ನಾಟಕದವರ ಜವೆ ಗೋಧಿ.

ತನ್ನ ಮೇಲೆ ಬಂದ ಶಿಲೀಂಧ್ರವನ್ನು ಅದು ಸ್ರವಿಸುವ ಯಾವುದೋ ಒಂದು ವಸ್ತುವಿನಿಂದ ಗೋಧಿಯು ಗುರುತಿಸಿ ತಡೆಯುತ್ತದೆ. ಆ ವಸ್ತುವಿನ ವಂಶವಾಹಿ ಮಾರ್ಪಟ್ಟರೆ ಗುರುತು ತಪ್ಪುತ್ತದೆ. ವಿಜ್ಞಾನಿಗಳು ಆಕ್ರಮಣಶಕ್ತಿ ಎನ್ನುವುದು ಇದನ್ನೇ. ಗೋಧಿಯು ಕೆಟ್ಟಿತೆಂದು ರೈತನಿಗೆ ತೋರಿದರೂ ಬದಲಾದುದು ಶಿಲೀಂಧ್ರ.

ಹೊಸ ಪ್ರಭೇದಗಳು ಹುಟ್ಟುವ ಬಗೆಯೇ ಹೆಚ್ಚು ಕುತೂಹಲಕರ. ಶಿಲೀಂಧ್ರದ ಲೈಂಗಿಕ ಸಂಯೋಗ ನಡೆಯುವುದು ಬಾರ್ಬೆರಿ ಎಂಬ ಮುಳ್ಳುಪೊದೆಯ ಮೇಲೆ. ಭಾರತದಲ್ಲಿ ಈ ಪೊದೆಯಿಂದ ರೋಗ ಹರಡುವುದಿಲ್ಲವೆಂದೂ, ಬಯಲಿನ ಬೇಸಗೆಯಲ್ಲಿ ಅಳಿಯುವ ತುಕ್ಕು ಬೆಟ್ಟಗಳಲ್ಲಿ ಉಳಿದು ಮರಳಿ ಬರುತ್ತದೆಂದೂ ಆಗ್ರಾದ ಕೆ. ಸಿ. ಮೆಹ್ತಾ ಸಿದ್ಧಪಡಿಸಿದರು. ಹಾಗಾದರೆ ಸಂಯೋಗವಿಲ್ಲದ ಕಡೆ ವೈವಿಧ್ಯವೆಲ್ಲಿಯದು? ಆಕಸ್ಮಿಕ ಮಾರ್ಪಾಡು ಒಂದು ಉತ್ತರ. ಇನ್ನೊಂದು ಉತ್ತರವನ್ನು ಉಗಾಂಡದ ತುಕ್ಕು ಕೊಟ್ಟಿತು.

1998ರಲ್ಲಿ ಉಗಾಂಡದಲ್ಲಿ ಕಂಡು, ಮರುವರ್ಷ ಹೆಸರು ಪಡೆದ ಯುಜಿ 99 ಎಂಬ ಪ್ರಭೇದವು ಎಸ್ಆರ್ 31 ಎಂಬ ನಿರೋಧಕ ವಂಶವಾಹಿಯನ್ನು ಜಯಿಸಿತು. ರೈ ಧಾನ್ಯದಿಂದ ಗೋಧಿಗೆ ಬಂದ ಆ ವಂಶವಾಹಿಯನ್ನು ಹಲವು ದೇಶಗಳ ತಳಿಗಳು ನೆಚ್ಚಿದ್ದವು. 2007ರ ವೇಳೆಗೆ ಈ ಪ್ರಭೇದವು ಇರಾನನ್ನು ಮುಟ್ಟಿತ್ತು. ತುಕ್ಕಿನ ಪ್ರತಿ ಕೋಶದಲ್ಲಿಯೂ ಎರಡು ಕೋಶಕೇಂದ್ರಗಳು ಬೆರೆಯದೆ ಜೊತೆಗಿರುತ್ತವೆ. ಯುಜಿ 99ರ ಒಂದು ಕೋಶಕೇಂದ್ರವು, 1954ರಲ್ಲಿ ಆಸ್ಟ್ರೇಲಿಯದಲ್ಲಿ ಕಂಡ ಪ್ರಭೇದವೊಂದರ ಕೋಶಕೇಂದ್ರವನ್ನೇ ಹೋಲುತ್ತದೆಂದು 2019ರಲ್ಲಿ ಪ್ರಕಟವಾಯಿತು. ಎರಡು ತುಕ್ಕುಗಳ ಎಳೆಗಳು ಎಂದೋ ಒಂದು ಎಲೆಯೊಳಗೆ ಕೂಡಿ, ಕೋಶಕೇಂದ್ರವನ್ನು ಇಡಿಯಾಗಿ ಬದಲಾಯಿಸಿಕೊಂಡಿರಬೇಕು. ರಾಜವಂಶಗಳ ದತ್ತಕಗಳನ್ನು ಬಿಡಿಸಿ ಬಲ್ಲ ನಮಗೂ ಇಂತಹ ವಂಶಾವಳಿ ಹೊಸದು.

1995ರಲ್ಲಿ ಬಿಡುಗಡೆಯಾಗಿ ಉತ್ತರ ಭಾರತದ ಬಹುಭಾಗವನ್ನು ಆವರಿಸಿದ ಪಿ.ಬಿ.ಡಬ್ಲ್ಯು. 343 ತಳಿಯಲ್ಲಿಯೂ ಎಸ್ಆರ್ 31 ಇತ್ತು. ಎಲ್ಲರ ಕಣ್ಣು ಉಗಾಂಡದ ಕಡೆಗೆ ನೆಟ್ಟಿತ್ತು. ಆದರೆ ಆ ತಳಿಯನ್ನು ಕೊನೆಗೆ ಕೆಡವಿದ್ದು ಹಳದಿ ತುಕ್ಕಿನ ಹೊಸ ಪ್ರಭೇದ.