ಸಿಪ್ಪೆಯ ಹಾಸು

ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರ ಲೆಕ್ಕಾಚಾರವೆಲ್ಲ ಈ ಅಳತೆಯ ಮೇಲೆ ನಿಂತಿದೆ. ಇಷ್ಟು ಬಿಯರಿಗೆ ನಾಲ್ಕೂವರೆಯಿಂದ ಐದು ಕೆ.ಜಿ. ಮಾಲ್ಟ್, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಬೇಕು. ಅದನ್ನು ನುಚ್ಚು ಒಡೆದು, ಬಿಸಿನೀರಿಗೆ ಕಲಸಿ, 65ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಮುಚ್ಚಿಟ್ಟರೆ ಕಾಳಿನೊಳಗಿನ ಕಿಣ್ವಗಳೇ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆಮೇಲೆ ಮುಚ್ಚಳ ತೆಗೆದರೆ ಕಾಣುವುದು ದಪ್ಪನೆಯ ಕಂದು ಗಂಜಿ. ಬೇಕಾಗಿರುವುದು ಅದರೊಳಗಿನ ಸಿಹಿನೀರು ಮಾತ್ರ. ಅದಕ್ಕೆ ವರ್ಟ್ ಎಂದು ಹೆಸರು. ಹಾಪ್ಸ್ ಹಾಕಿ ಕುದಿಸುವುದು, ಆರಿಸಿ ಯೀಸ್ಟ್ ಬೆರೆಸುವುದು ಎಲ್ಲ ನಂತರದ ಮಾತು. ಮೊದಲು ಈ ಗಂಜಿಯಿಂದ ತಿಳಿ ಬಸಿಯಬೇಕು.

ಅಂಗಡಿಯಿಂದ ಮಾಲ್ಟಿನ ಪಾಕ ತಂದು ನೀರಿಗೆ ಕದಡುವವರಿಗೆ ಈ ತಾಪತ್ರಯವಿಲ್ಲ. ಕಾಳಿನಿಂದಲೇ ಶುರುಮಾಡುವ 'ಆಲ್ ಗ್ರೇನ್' ಮಂದಿಗೆ ಮಾತ್ರ ಇದು ಇಡೀ ದಿನದ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಿನ ಘಟ್ಟ. ಕಾಳಿನ ಚೂರು ವರ್ಟ್ ಜೊತೆ ಹರಿದು ಕುದಿಯುವ ಹಂಡೆಗೆ ಬಿದ್ದರೆ ಅದರ ಸಿಪ್ಪೆ ಟ್ಯಾನಿನ್ ಬಿಡುತ್ತದೆ. ಬಿಯರು ನಾಲಿಗೆಗೆ ಒಗರಾಗುತ್ತದೆ. ಹಿಟ್ಟಿನಂಶ ಹೋದರೆ ಅದರ ಪಿಷ್ಟ ಕುದಿಯಲ್ಲಿ ಕರಗುತ್ತದೆ. ಅದನ್ನು ಒಡೆಯಬೇಕಾದ ಕಿಣ್ವಗಳು ಅಷ್ಟು ಹೊತ್ತಿಗೆ ಬೆಂದು ಸತ್ತಿರುವುದರಿಂದ ಲೋಟದಲ್ಲಿ ಕೊನೆಯವರೆಗೂ ಮಂಜು ಉಳಿಯುತ್ತದೆ. ಹಂಡೆಯೊಳಗೆ ವಿದ್ಯುತ್ ಕಾಯಿಲ್ ಇದ್ದರಂತೂ ಅದಕ್ಕೆ ಅಂಟಿಕೊಂಡ ಹಿಟ್ಟು ಸೀದು, ಆ ವಾಸನೆ ಇಡೀ 19 ಲೀಟರಿಗೂ ಹತ್ತುತ್ತದೆ.

ಹೊಸಬರಿಗೆ ಮೊದಲು ಹೊಳೆಯುವ ಉಪಾಯ, ಇನ್ನಷ್ಟು ಸಣ್ಣ ಕಣ್ಣಿನ ಜಾಲರಿ. ಆದರೆ ಕಣ್ಣು ಸಣ್ಣದಾದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ. ನಮ್ಮ ಕಾಫಿ ಫಿಲ್ಟರನ್ನೇ ನೋಡಿ: ತಳದ ತೂತುಗಳಿಗಿಂತ ಪುಡಿ ಸಣ್ಣದು, ಆದರೂ ಡಿಕಾಕ್ಷನ್ ತಿಳಿಯಾಗಿಯೇ ಇಳಿಯುತ್ತದೆ. ಸೋಸುವುದು ಪುಡಿಯ ಹಾಸು. ತೂತಿನ ತಟ್ಟೆ ಆ ಹಾಸನ್ನು ಹೊತ್ತು ನಿಂತಿರುತ್ತದೆ, ಅಷ್ಟೆ. ಪುಡಿ ತೀರಾ ನುಣ್ಣಗಾದರೆ ಹನಿ ನಿಲ್ಲುವುದೂ ನಮಗೆ ಗೊತ್ತಿರುವುದೇ. ಬಾರ್ಲಿಯಲ್ಲಿ ಈ ಹಾಸಿನ ಕೆಲಸ ಸಿಪ್ಪೆಯದು. ಗೋಧಿಯ ಹೊಟ್ಟು ಒಕ್ಕಣೆಯಲ್ಲೇ ಹಾರಿಹೋಗುತ್ತದೆ. ಬಿಯರಿಗೆ ಬಳಸುವ ಬಾರ್ಲಿಯ ಸಿಪ್ಪೆ ಕಾಳಿಗೆ ಅಂಟಿಕೊಂಡೇ ಬರುತ್ತದೆ. ಸಾವಿರಾರು ವರ್ಷ ಬ್ರೂಯರ್‌ಗಳು ಬಾರ್ಲಿಯನ್ನು ಬಿಡದಿರಲು ಇದೂ ಒಂದು ಕಾರಣ.

ಹಾಗಾಗಿ ಸೋಸುವ ಕೆಲಸ ಶುರುವಾಗುವುದು ಗಿರಣಿಯಲ್ಲಿ. ಕಾಳಿನ ಒಳಗು ಒಡೆಯಬೇಕು, ಸಿಪ್ಪೆ ಸೀಳಿದರೂ ಇಡಿಯಾಗಿ ಉಳಿಯಬೇಕು. ಮಿಕ್ಸಿಯಿಂದ ಇದು ಸಾಧ್ಯವಿಲ್ಲ, ಅದು ಎರಡನ್ನೂ ಒಟ್ಟಿಗೆ ಪುಡಿಮಾಡುತ್ತದೆ. ಎರಡು ಉರುಳೆಗಳ ನಡುವೆ ಸುಮಾರು 1 ಮಿಲಿಮೀಟರ್ ಸಂದು ಬಿಟ್ಟು ಕಾಳನ್ನು ಹಿಸುಕುವ ಕೈಗಿರಣಿಯೇ ಬೇಕು. ಕೆಲವರು ಒಡೆಯುವ ಮೊದಲು ಕಾಳಿನ ತೂಕದ ಶೇ. 2ರಷ್ಟು ನೀರು ಚಿಮುಕಿಸಿ ಕಲಸಿಡುತ್ತಾರೆ. ಸಿಪ್ಪೆ ಪದ ಹಿಡಿದು ಬಾಗುತ್ತದೆ, ಚೂರಾಗುವುದಿಲ್ಲ. ದುಬಾರಿ ಜಾಲರಿಗಳ ಕ್ಯಾಟಲಾಗು ತಿರುವುವ ಬದಲು ಈ ತುಸು ನೀರಿನ ಉಪಾಯ ಮಾಡಿದರೆ ಲಾಭ ಹೆಚ್ಚು ಎಂಬುದು ನನ್ನ ಎಣಿಕೆ.

ಪಾತ್ರೆಯ ವಿಷಯದಲ್ಲಿ ಮನೆ ಬ್ರೂಯರ್‌ಗಳ ಜಾಣ್ಮೆಗೆ ಮಿತಿಯಿಲ್ಲ. ಅಮೆರಿಕದಲ್ಲಿ ಮನೆಬಳಕೆಯ ಬಿಯರ್ ತಯಾರಿಯನ್ನು ಮುಕ್ತಗೊಳಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಅದೇ ವರ್ಷ ಕೊಲರಾಡೊದ ಬೌಲ್ಡರಿನಲ್ಲಿ ಚಾರ್ಲಿ ಪಪೇಜಿಯನ್ ಮತ್ತು ಗೆಳೆಯರು ಮನೆ ಬ್ರೂಯರ್‌ಗಳ ಸಂಘ ಕಟ್ಟಿದರು. ಪಪೇಜಿಯನ್ ಜನಪ್ರಿಯಗೊಳಿಸಿದ 'ಜಪಾಪ್' ಎಂಬ ಸಾಧನ ಎರಡು ಪ್ಲಾಸ್ಟಿಕ್ ಬಕೆಟ್‌ಗಳದ್ದು. ಒಂದರ ತಳಕ್ಕೆ ನೂರಾರು ತೂತು ಕೊರೆದು ಇನ್ನೊಂದರೊಳಗೆ ಕೂರಿಸುವುದು, ಹೊರಗಿನದಕ್ಕೆ ನಲ್ಲಿ ಹಾಕುವುದು. ಆಮೇಲಿನವರು ಪಿಕ್ನಿಕ್ಕಿಗೆ ಒಯ್ಯುವ ಐಸ್ ಪೆಟ್ಟಿಗೆಯನ್ನು ಹಿಡಿದರು, ಅದು ಬಿಸಿಯನ್ನೂ ಕಾಯುತ್ತದೆ. ನಲ್ಲಿಯ ಪೈಪಿನ ಮೇಲಿನ ಸ್ಟೀಲ್ ಹೆಣಿಗೆಯನ್ನು ಬಿಚ್ಚಿ, ಒಳಗಿನ ರಬ್ಬರ್ ಎಳೆದೆಸೆದು, ಆ ಹೆಣಿಗೆಯನ್ನೇ ಪೆಟ್ಟಿಗೆಯ ತಳದಲ್ಲಿ ಮಲಗಿಸಿದವರೂ ಇದ್ದಾರೆ.

ಇನ್ನು ಬಸಿಯುವ ಕ್ರಮ. ನಲ್ಲಿಯನ್ನು ತುಸುವೇ ತಿರುಗಿಸಿದರೆ ಮೊದಲು ಬರುವುದು ಬಗ್ಗಡ. ಅದರಲ್ಲಿ ತರಿ, ಸಿಪ್ಪೆಯ ಚೂರು, ಹಿಟ್ಟು ಎಲ್ಲ ಇರುತ್ತದೆ. ಅದನ್ನು ಜಗ್ಗಿನಲ್ಲಿ ಹಿಡಿದು ಮತ್ತೆ ಮೇಲಿಂದಲೇ ಸುರಿಯಬೇಕು. ಧಾರೆ ಬಿದ್ದಲ್ಲಿ ಹಾಸು ಹಳ್ಳವಾಗದಂತೆ ಒಂದು ತಟ್ಟೆ ಅಡ್ಡ ಇಟ್ಟರೆ ಒಳ್ಳೆಯದು. ಒಂದೆರಡು ಜಗ್ಗು, ಕೆಲವೊಮ್ಮೆ ನಾಲ್ಕೈದು. ತರಿ ಹಿಂದಿರುಗಿ ಸಿಪ್ಪೆಗಳ ಸಂದಿಯಲ್ಲಿ ಸಿಕ್ಕಿಕೊಂಡಂತೆ ಹಾಸು ಬಿಗಿಯಾಗುತ್ತದೆ, ನೀರು ತಿಳಿಯಾಗುತ್ತದೆ. ಜರ್ಮನ್ ಬ್ರೂಯರ್‌ಗಳಿಂದ ಬಂದ ಈ ಸುತ್ತಿಗೆ ಎಲ್ಲ ಕಡೆಯೂ 'ಫೋರ್‌ಲೌಫ್' ಎಂದೇ ಹೆಸರು.

ತಿಳಿ ಬಂತೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದವರು ಕೆಟ್ಟರು. ರಭಸಕ್ಕೆ ಹಾಸು ಕೆಳಗೆ ಸೆಳೆಯಲ್ಪಟ್ಟು ಇಟ್ಟಿಗೆಯಾಗಿ ಕೂರುತ್ತದೆ, ಹನಿಯೂ ಇಳಿಯುವುದಿಲ್ಲ. ಆಗ ಊದಿದರೆ, ಕುಟ್ಟಿದರೆ ಪ್ರಯೋಜನವಿಲ್ಲ. ತಳದಿಂದ ಬಿಸಿನೀರು ನುಗ್ಗಿಸಿ ಹಾಸನ್ನು ಎತ್ತಬೇಕು, ಇಲ್ಲವೇ ಎಲ್ಲ ಕಲಕಿ, ಕೂರಲು ಬಿಟ್ಟು, ಮೊದಲಿನಿಂದ ಶುರುಮಾಡಬೇಕು. ನಿಧಾನವಾಗಿ ಬಿಟ್ಟರೆ ಹಂಡೆ ತುಂಬಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಉಳಿದ ಸಕ್ಕರೆಯನ್ನು ತೊಳೆದು ತೆಗೆಯಲು ಮೇಲಿಂದ ಬಿಸಿನೀರು ಬಿಡುತ್ತಿರಬೇಕು, ಹಾಸಿನ ಮೇಲೆ ಯಾವಾಗಲೂ ಎರಡು ಬೆರಳು ನೀರು ನಿಂತಿರಬೇಕು. ಹಾಸಿನ ಬಿಸಿ ಮಾತ್ರ 77 ಡಿಗ್ರಿ ದಾಟಬಾರದು. ದಾಟಿದರೆ, ಯಾವುದನ್ನು ತಡೆಯಲು ಇಷ್ಟೆಲ್ಲ ಮಾಡಿದೆವೋ ಆ ಒಗರು ಹಾಸಿನಿಂದಲೇ ಇಳಿದುಬರುತ್ತದೆ.

ಗೋಧಿ, ರೈ ಹೆಚ್ಚು ಹಾಕುವ ಬಿಯರುಗಳಲ್ಲಿ ಸಿಪ್ಪೆಯ ಬಡತನ. ರೈಯಂತೂ ನೀರು ಕುಡಿದು ಅಂಟಂಟಾಗುತ್ತದೆ. ಅದಕ್ಕೆ ಬೆರೆಸುವ ಮದ್ದು ಭತ್ತದ ಹೊಟ್ಟು. ರುಚಿಯಿಲ್ಲ, ಸಕ್ಕರೆಯಿಲ್ಲ, ಹಾಸನ್ನು ಸಡಿಲವಾಗಿಡುವುದಷ್ಟೇ ಅದರ ಕೆಲಸ. ಗಂಗಾವತಿ ಸೀಮೆಯ ರೈಸ್ ಮಿಲ್ಲುಗಳಲ್ಲಿ ಬಾಯ್ಲರಿಗೆ ಉರುವಲಾಗುವ ವಸ್ತು ಅಮೆರಿಕದ ಬ್ರೂಯಿಂಗ್ ಅಂಗಡಿಗಳಲ್ಲಿ ಪೌಂಡ್ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ರೈಯ ಈ ಅಂಟಿಗೆ ಫಿನ್ಲೆಂಡಿನ ಹಳ್ಳಿಗರು ಕಂಡುಕೊಂಡ ಪರಿಹಾರ ಬೇರೆ. ಅಲ್ಲಿನ ಸಾಹ್ತಿ ಎಂಬ ಮನೆಬಿಯರನ್ನು ಸೋಸುವುದು 'ಕೂರ್ನಾ'ದಲ್ಲಿ. ಮರದ ದಿಮ್ಮಿಯನ್ನು ಉದ್ದಕ್ಕೆ ತೋಡಿ ಮಾಡಿದ ಮರಿಗೆ ಅದು. ತಳದಲ್ಲಿ ಮರದ ಪಟ್ಟಿಗಳು, ಮೇಲೆ ಹುಲ್ಲು, ಅದರ ಮೇಲೆ ಜೂನಿಪರ್ ಗಿಡದ ಹಸಿ ರೆಂಬೆಗಳು. ಈ ಹಾಸಿನ ಮೇಲೆ ಗಂಜಿಯನ್ನು ಸುರಿದು ಒಂದು ತುದಿಯಿಂದ ಬಸಿಯುತ್ತಾರೆ. ಜೂನಿಪರಿನ ಪರಿಮಳವೂ ಜೊತೆಗೆ ಇಳಿಯುತ್ತದೆ. ಸಾಹ್ತಿಯ ವರ್ಟನ್ನು ಬಹಳ ಮನೆಗಳಲ್ಲಿ ಕುದಿಸುವುದೇ ಇಲ್ಲ. ಮರಿಗೆಯಿಂದ ಇಳಿದದ್ದಕ್ಕೆ ಬ್ರೆಡ್ಡಿನ ಯೀಸ್ಟ್ ಹಾಕಿದರೆ ಮುಗಿಯಿತು. ಐರೋಪ್ಯ ಒಕ್ಕೂಟ 2002ರಲ್ಲಿ ಸಾಹ್ತಿಗೆ ಸಾಂಪ್ರದಾಯಿಕ ವಿಶೇಷ ಉತ್ಪನ್ನದ ಮಾನ್ಯತೆ ಕೊಟ್ಟಿದೆ. ಸ್ಟೀಲಿನ ಕೂರ್ನಾಗಳೂ ಈಗ ಬಂದಿವೆ. ಜೂನಿಪರ್ ಮಾತ್ರ ಉಳಿದುಕೊಂಡಿದೆ.

ಇಷ್ಟೆಲ್ಲ ರಗಳೆ ಬೇಡವೆಂದ ಆಸ್ಟ್ರೇಲಿಯಾದ ಮನೆ ಬ್ರೂಯರ್‌ಗಳು ಈ ಶತಮಾನದ ಮೊದಲ ದಶಕದಲ್ಲಿ ಇನ್ನೊಂದು ದಾರಿ ಹಿಡಿದರು. ಕುದಿಸುವ ಹಂಡೆಯೊಳಗೇ ದೊಡ್ಡ ಬಟ್ಟೆಚೀಲ ಇಳಿಬಿಟ್ಟು, ಅದರಲ್ಲಿ ಕಾಳು ನೆನೆಸಿ, ಕೊನೆಗೆ ಚೀಲವನ್ನೇ ಎತ್ತಿ ಹಿಂಡುವುದು. ಹಾಸೂ ಇಲ್ಲ, ಹರಿವು ಕಟ್ಟಿಕೊಳ್ಳುವ ಭಯವೂ ಇಲ್ಲ. ವರ್ಟು ಬಗ್ಗಡವಾಗಿಯೇ ಇರುತ್ತದೆ. ಆದರೂ ಸಿಪ್ಪೆಯ ಚೂರುಗಳು ಚೀಲದಲ್ಲೇ ಉಳಿಯುವುದರಿಂದ, ಉಳಿದ ನುಣುಪು ಗಸಿ ಹುದುಗುವ ಪಾತ್ರೆಯ ತಳ ಸೇರುವುದರಿಂದ, ಒಳ್ಳೆಯ ಬಿಯರೇ ಬರುತ್ತದೆ. ಗಾಜಿನಂತೆ ತಿಳಿಯಾದ ವರ್ಟಿಗಾಗಿ ಹತ್ತು ಸಲ ಜಗ್ಗು ಸುರಿಯುವವರನ್ನು ಕಂಡರೆ ಅದು ವ್ರತವೇ ಹೊರತು ಅಗತ್ಯವಲ್ಲ ಅನಿಸುತ್ತದೆ. ಕಣ್ಣಿಗೆ ಕಾಣುವ ಚೂರು ನಿಂತರೆ ಸಾಕು.

ಕರ್ನಾಟಕದಲ್ಲಿ ಇದನ್ನು ಮನೆಯಲ್ಲಿ ಪರೀಕ್ಷಿಸುವ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಕುತೂಹಲವಿದ್ದವರು ಬೆಂಗಳೂರಿನ ಯಾವುದಾದರೂ ಮೈಕ್ರೋಬ್ರೂವರಿಯಲ್ಲಿ ಗಾಜಿನಾಚೆಯ ಸ್ಟೀಲ್ ಪಾತ್ರೆಗಳನ್ನು ನೋಡಬಹುದು. ಅವುಗಳೊಳಗೂ ನಡೆಯುವುದು ಸಿಪ್ಪೆಯದೇ ಕೆಲಸ. ಬಸಿದಾದ ಮೇಲೆ ಐದು ಕೆ.ಜಿ. ಕಾಳಿನಿಂದ ಉಳಿಯುವ ಹಸಿ ಚರಟ, ಹೀರಿಕೊಂಡ ನೀರಿನಿಂದಾಗಿ, ತೂಕದಲ್ಲಿ ಕಾಳಿಗಿಂತ ಹೆಚ್ಚೇ ಇರುತ್ತದೆ. ಸೆಕೆಯಲ್ಲಿ ಒಂದು ದಿನಕ್ಕೇ ಹುಳಿ ನಾತ ಹೊಡೆಯುತ್ತದೆ. ಬ್ರೂವರಿಗಳದ್ದು ದನಗಳಿಗೆ ಹೋಗುತ್ತದೆ. ಮನೆಯವರು ಕೋಳಿಗೆ ಹಾಕುತ್ತಾರೆ, ಬ್ರೆಡ್ಡಿನ ಹಿಟ್ಟಿಗೆ ಕಲಸುತ್ತಾರೆ. ಕುದಿಸಿದ ಹಂಡೆಯ ತಳದಲ್ಲಿ ಉಳಿದ ಹಾಪ್ಸ್ ಗಸಿಯನ್ನು ಮಾತ್ರ ನಾಯಿಯ ಬಾಯಿಗೆ ಸಿಗದಂತೆ ಎಸೆಯಬೇಕು, ನಾಯಿಗಳಿಗೆ ಅದು ವಿಷ.